ದೂರದ ಭಾರ, ಹತ್ತಿರದ ಚಳಿ

ಮೂಡಣ ಗಾಳಿ, ತೆಂಕಣ ಗಾಳಿ, ಬಡಗಣ ಗಾಳಿ—ಗಾಳಿಯನ್ನು ಅದು ಹೊರಟುಬಂದ ದಿಕ್ಕಿನಿಂದ ಹೆಸರಿಸುವುದು ನಮ್ಮ ನುಡಿಯ ಪದ್ಧತಿ. ಬಹುಕಾಲ ಭಾಷೆಯ ಪಾಠ ಹೇಳಿದ ನನಗೆ ಇದರಲ್ಲಿ ಒಂದು ವಿವೇಕ ಕಾಣುತ್ತದೆ. ಚಳಿಯ ವಿಷಯದಲ್ಲಿ ಮಾತ್ರ ನಾವು ಸೂರ್ಯನನ್ನಷ್ಟೇ ಕೇಳುತ್ತೇವೆ. ಅದು ಎಲ್ಲಿಂದ ಹೊರಟಿತೆಂದು ಕೇಳುವುದಿಲ್ಲ.

ಹಾಂಗ್‌ಕಾಂಗ್ ಉಷ್ಣವಲಯದ ಉತ್ತರದಂಚಿನಲ್ಲಿರುವ ನಗರ. 2016ರ ಜನವರಿ 24ರಂದು ಅಲ್ಲಿ ಉಷ್ಣತೆ 3.1 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. 1957ರಿಂದೀಚೆಗೆ ಅಂಥ ಚಳಿ ಅಲ್ಲಿ ಬಿದ್ದಿರಲಿಲ್ಲ. ಸೂರ್ಯನಾದರೋ ಉತ್ತರಕ್ಕೆ ತಿರುಗಿ ಆಗಲೇ ಒಂದು ತಿಂಗಳಾಗಿತ್ತು. ಹಾಗಾದರೆ ಈ ಚಳಿಯ ತವರು ಯಾವುದು?

ಅದು ಮೂರು ಸಾವಿರ ಕಿಲೋಮೀಟರಿಗೂ ಆಚೆಯ ಸೈಬೀರಿಯ. ಅಲ್ಲಿನ ದೀರ್ಘ ಇರುಳಿನಲ್ಲಿ ಹಿಮ ಹೊದ್ದ ನೆಲ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲುತ್ತದೆ. ನೆಲವನ್ನು ಸೋಕಿದ ಗಾಳಿ ತಣಿದು ದಟ್ಟವಾಗುತ್ತದೆ, ಭಾರವಾಗಿ ಕೂರುತ್ತದೆ. ಸಮುದ್ರಮಟ್ಟದ ಸರಾಸರಿ ವಾಯುಭಾರ ಸುಮಾರು 1013 ಮಿಲಿಬಾರ್. ಸೈಬೀರಿಯದ ಅಗಾಟದಲ್ಲಿ 1968ರ ಡಿಸೆಂಬರ್ 31ರಂದು ಅದು ಸಮುದ್ರಮಟ್ಟದ ಲೆಕ್ಕದಲ್ಲಿ 1083ನ್ನೂ ಮೀರಿತ್ತು. ಹೀಗೆ ಒಟ್ಟಾದ ಗಾಳಿ ಭಾರ ಕಡಿಮೆಯಿರುವ ಕಡೆಗೆ ಹರಿಯಲೇಬೇಕು. ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಬಾಗಿಸುತ್ತದೆ. ಪೂರ್ವ ಚೀನದಲ್ಲಿ ಅಡ್ಡಗಟ್ಟುವಷ್ಟು ಎತ್ತರದ ಪರ್ವತಗಳಿಲ್ಲವಾಗಿ, ಅದು ಕೆಲವೇ ದಿನಗಳಲ್ಲಿ ದಕ್ಷಿಣದ ಕಡಲನ್ನು ಮುಟ್ಟುತ್ತದೆ. ಕಡಲ ಮೇಲೆ ಬೆಚ್ಚಗಾಗಿ, ನೀರಾವಿಯನ್ನು ಹೀರಿ, ಮಲೇಷ್ಯದ ಪೂರ್ವ ಕರಾವಳಿಯಲ್ಲಿ ಮಳೆಯಾಗಿ ಸುರಿಯುವುದೂ ಉಂಟು.

ಕೋಲ್ಕತವೂ ಹೆಚ್ಚುಕಡಿಮೆ ಹಾಂಗ್‌ಕಾಂಗಿನ ಅಕ್ಷಾಂಶದಲ್ಲೇ ಇದೆ. ಆದರೂ ಅದರ ಜನವರಿ ಅಷ್ಟು ತಂಪಲ್ಲ. ಹಿಮಾಲಯವೂ ಅದರಾಚೆಯ ಟಿಬೆಟ್ಟಿನ ಪ್ರಸ್ಥಭೂಮಿಯೂ ಸೈಬೀರಿಯದ ಭಾರವಾದ ಗಾಳಿಗೆ ಗೋಡೆಯಾಗಿ ನಿಂತಿವೆ. ಕನ್ನಡನಾಡಿನ ಮಾಗಿಯೂ ಆ ಗೋಡೆಯ ಮರೆಯಲ್ಲೇ ಸೌಮ್ಯವಾಗಿದೆ. ಒಂದೇ ಸೂರ್ಯ, ಒಂದೇ ಅಕ್ಷಾಂಶ. ಆದರೆ ಎರಡು ಬಗೆಯ ಚಳಿಗಾಲ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಸೆಕೆಗೆಂದು ಕಟ್ಟಿದ ಮನೆಗಳಲ್ಲಿ ಬೆಚ್ಚಗಿರುವ ಏರ್ಪಾಡು ಇರುವುದು ಅಪರೂಪ. ಹಿಮನಾಡಿನವರಿಗೆ ಲಘುವೆನಿಸುವ ಚಳಿ ಇಂಥಲ್ಲಿ ವೃದ್ಧರ ಪ್ರಾಣಕ್ಕೇ ಎರವಾಗಬಹುದು. ಆದರೆ ದೂರದಲ್ಲಿ ಕೂಡುವ ಭಾರವನ್ನು ವಾಯುಭಾರಮಾಪಕಗಳು ಮೊದಲೇ ಕಾಣುತ್ತವೆ. ಹಾಂಗ್‌ಕಾಂಗಿನ ವೀಕ್ಷಣಾಲಯ ಚಳಿಯ ಎಚ್ಚರಿಕೆ ನೀಡುತ್ತದೆ. ನೆಲೆಯಿಲ್ಲದವರಿಗಾಗಿ ತಂಗುದಾಣಗಳು ತೆರೆಯುತ್ತವೆ.

ಹೊರಟ ಗಾಳಿಯನ್ನು ತಡೆಯಲಾರೆವು. ಅದು ಹೊರಟ ಸುದ್ದಿ ಮುಂಚೆಯೇ ತಲುಪಿದರೆ, ಮುದುಕರಿಗೊಂದು ಕಂಬಳಿ ಹೊದಿಸುವಷ್ಟು ಹೊತ್ತು ನಮಗೆ ಸಿಗುತ್ತದೆ.