ಗೇರು ಬೀಳದ ಕಾರು

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ಅಂಗಳದಲ್ಲಿ ಅಂಬಾಸಡರ್ ಕಾರೊಂದೋ ಪದ್ಮಿನಿಯೊಂದೋ ಈಗಲೂ ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಅಂಬಾಸಡರ್ ೧೯೫೮ರಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಇಟಲಿಯ ಫಿಯಟ್ ೧೧೦೦ ಕಾರಿನ ಭಾರತೀಯ ರೂಪವಾದ ಪದ್ಮಿನಿಯು ಮುಂಬಯಿಯ ಕುರ್ಲಾದಲ್ಲಿ. ಇವುಗಳಲ್ಲಿ ಬಹುಪಾಲು ಕಾರುಗಳ ಗೇರಿನ ಹಿಡಿಯು ನೆಲದಿಂದ ಏಳದೆ, ಸ್ಟಿಯರಿಂಗ್ ಚಕ್ರದ ಕೆಳಗೆ ಕಂಬಕ್ಕೆ ಸೇರಿಕೊಂಡಿರುವುದು. ವಯಸ್ಸಾದಂತೆಲ್ಲ ಈ ಹಿಡಿಯು ಅಳ್ಳಕವಾಗುವುದು. ‘ಗೇರು ಬೀಳುತ್ತಿಲ್ಲ’ ಎಂಬ ದೂರು ಆಗ ಹುಟ್ಟುವುದು. ಗೇರ್‌ಬಾಕ್ಸೇ ಕೆಟ್ಟಿತೆಂದು ತಿಳಿದು ಅದನ್ನು ಕೆಳಗಿಳಿಸಿ ಬಿಚ್ಚಿಸುವವರೂ, ಕಾರನ್ನೇ ಗುಜರಿಗೆ ಹಾಕುವವರೂ ಇದ್ದಾರೆ. ಆದರೆ ಇಲ್ಲಿ ಮೊದಲು ಸಂಶಯಪಡಬೇಕಾದುದು ಬಹಳ ಅಗ್ಗದ ವಸ್ತುವೊಂದನ್ನು, ಅದೇ ಬುಷ್.

ಬುಷ್ ಎಂದರೇನು? ಎತ್ತಿನ ಗಾಡಿಯ ಚಕ್ರವನ್ನು ಕಳಚುವುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಚಕ್ರದ ಗುಂಬದೊಳಗೆ ಕಬ್ಬಿಣದ ಕೊಳವೆಯೊಂದಿದ್ದು, ಕೀಲೆಣ್ಣೆ ಹಚ್ಚಿದ ಅಚ್ಚು ಅದರೊಳಗೆ ಕೂರುವುದು. ಕಾರಿನ ಬುಷ್ ಅದರ ಮರಿಯೇ. ಗೇರಿನ ಹಿಡಿಯಿಂದ ಗೇರ್‌ಬಾಕ್ಸಿನವರೆಗೆ ಹಲವು ಸರಳುಗಳೂ ಸನ್ನೆಗಳೂ ಕೀಲುಗಳಲ್ಲಿ ಕೂಡಿಕೊಂಡಿವೆ. ಕೀಲಿನ ಉಕ್ಕಿನ ಪಿನ್ನಿಗೂ ಅದು ತೂರಿರುವ ತೂತಿಗೂ ನಡುವೆ ನೈಲಾನ್, ರಬ್ಬರ್ ಅಥವಾ ಕಂಚಿನ ಉಂಗುರವನ್ನು ಕೂರಿಸಿರುತ್ತಾರೆ. ಅದು ಪಿನ್ನಿಗಿಂತ ಮೆದು. ತಾನು ಸವೆದು ಬೆಲೆಯುಳ್ಳ ಉಕ್ಕನ್ನು ಉಳಿಸುವುದೇ ಅದರ ಕೆಲಸ.

ಗೇರ್‌ಬಾಕ್ಸಿನ ಒಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾಗಗಳು ಬಹುಕಾಲ ಬಾಳುವಾಗ, ಆಗೊಮ್ಮೆ ಈಗೊಮ್ಮೆ ಅಲುಗುವ ಈ ಕೀಲುಗಳು ಮೊದಲೇ ಸವೆಯುವುದೇತಕ್ಕೆ? ೧೮೮೩ರಲ್ಲಿ ಇಂಗ್ಲೆಂಡಿನ ಟವರ್ ಎಂಬ ಎಂಜಿನಿಯರು, ತಿರುಗುವ ಅಚ್ಚಿನ ಮೇಲೆ ಕುಳಿತ ಬೇರಿಂಗಿನಲ್ಲಿ ಒಂದು ತೂತು ಕೊರೆದನು. ಎಣ್ಣೆಯು ಅದರಿಂದ ಮೇಲಕ್ಕೆ ಉಕ್ಕಿತು. ಮರದ ಬಿರಡೆಯನ್ನು ಬಡಿದು ಮುಚ್ಚಿದರೆ ಅದನ್ನೂ ಹೊರದೂಡಿತು! ಇದರ ಕಾರಣವನ್ನು ಆಸ್ಬರ್ನ್ ರೆನಾಲ್ಡ್ಸ್ ೧೮೮೬ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ತಿರುಗುವ ಅಚ್ಚು ಇಕ್ಕಟ್ಟಾಗುತ್ತ ಹೋಗುವ ಸಂದಿಯೊಳಕ್ಕೆ ಎಣ್ಣೆಯನ್ನು ಎಳೆದೊಯ್ಯುವುದು; ಅಲ್ಲಿ ಒತ್ತಡವೇರಿ, ಎಣ್ಣೆಯ ತೆಳು ಪೊರೆಯೇ ಭಾರವನ್ನು ಹೊರುವುದು. ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ. ಆದರೆ ಇದಕ್ಕೆ ವೇಗ ಬೇಕು. ಗೇರಿನ ಕೀಲು ನಿಧಾನವಾಗಿ, ಕೆಲವೇ ಡಿಗ್ರಿಗಳಷ್ಟು ಹೊರಳಿ ನಿಂತುಬಿಡುವುದರಿಂದ ಅಂತಹ ಪೊರೆ ಹುಟ್ಟಲು ಅವಕಾಶವೇ ಇಲ್ಲ. ಜೊತೆಗೆ ಎಂಜಿನ್ನಿನ ಬಿಸಿ, ರಸ್ತೆಯ ಧೂಳು. ಗ್ರೀಸ್ ಒಣಗಿದ ಮೇಲಂತೂ ಹೇಳುವುದೇ ಬೇಡ.

ಹೀಗೆ ಹುಟ್ಟುವ ಸಡಿಲವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯ ಸ್ಕ್ರೂಗೇಜಿನಲ್ಲಿ ಬ್ಯಾಕ್‌ಲ್ಯಾಷ್ ದೋಷವೆಂಬ ಹೆಸರಿನಿಂದ ಬಲ್ಲರು. ಗೇರಿನಲ್ಲಿ ಅದು ಕೀಲಿನಿಂದ ಕೀಲಿಗೆ ಕೂಡುತ್ತ ಹೋಗುವುದು. ಆರು ಕೀಲುಗಳಲ್ಲಿ ತಲಾ ಅರ್ಧ ಮಿಲಿಮೀಟರು ಸಡಿಲವಿದೆಯೆನ್ನೋಣ. ಒಟ್ಟು ೩ ಮಿ.ಮೀ. ಹಿಡಿಯ ಗಿಡ್ಡ ತೋಳು ೫ ಸೆಂ.ಮೀ., ಉದ್ದ ತೋಳು ೩೦ ಸೆಂ.ಮೀ. ಇದ್ದರೆ, ಕೈಯ ಬಳಿ ಇದು ಆರು ಪಟ್ಟಾಗಿ ೧೮ ಮಿ.ಮೀ. ಆಗುವುದು. ಕೈ ಅಷ್ಟು ದೂರ ಸರಿದರೂ ಗೇರ್‌ಬಾಕ್ಸಿಗೆ ಸುದ್ದಿ ಮುಟ್ಟಿರುವುದಿಲ್ಲ. ಒಳಗಿನ ಹಲ್ಲುಗಳು ಅರೆಬರೆಯಾಗಿ ಕಚ್ಚಿಕೊಂಡು, ಏರಿನಲ್ಲಿ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಅಪಾಯವೇ ಸರಿ.

ಪರೀಕ್ಷೆ ಸುಲಭ. ಎಂಜಿನ್ನನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಹಿಡಿಯನ್ನು ಮೆಲ್ಲನೆ ಆಡಿಸಲಿ. ಇನ್ನೊಬ್ಬರು ಬಾನೆಟ್ ತೆರೆದು, ಯಾವ ಕೀಲಿನಲ್ಲಿ ಒಂದು ಸರಳು ಚಲಿಸಿದರೂ ಮುಂದಿನದು ತಡವಾಗಿ ಚಲಿಸುವುದೆಂದು ನೋಡಲಿ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋಗುವಾಗ ಹಳೆಯ ಬುಷ್ಷನ್ನು ಜೊತೆಗೆ ಒಯ್ಯುವುದು ಲೇಸು. ನೈಲಾನ್ ಬುಷ್ಷನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆದುವಾಗಿ ಸಲೀಸಾಗಿ ಕೂರುವುದು. ಸುತ್ತಿಗೆಯಿಂದ ಬಡಿಯಬಾರದು, ವೈಸಿನಿಂದ ಒತ್ತಬೇಕು. ಪಿನ್ನೇ ಒಂದು ಕಡೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅದನ್ನೂ ಬದಲಿಸತಕ್ಕದ್ದು. ಇಲ್ಲವಾದರೆ ಹೊಸ ಬುಷ್ ಬೇಗನೆ ಹಳೆಯದಾಗುವುದು.

ಕೀಲುಗಳೆಲ್ಲ ಬಿಗಿಯಾದ ಮೇಲೂ ಗೇರು ಕಿರುಗುಟ್ಟಿದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ನೋಡಬೇಕು. ಎಣ್ಣೆಯ ಡಬ್ಬದ ಮೇಲಿನ ೯೦ ಎಂಬ ಅಂಕಿಯನ್ನು ಕಂಡು, ಅದು ಎಂಜಿನ್ನಿನ ೪೦ನೆಯ ಅಂಕಿಯ ಎಣ್ಣೆಗಿಂತ ಎರಡು ಪಟ್ಟು ಮಂದವೆಂದು ಭಾವಿಸುವವರುಂಟು. ಇವೆರಡೂ ಬೇರೆ ಬೇರೆ ಅಳತೆಗೋಲುಗಳು. ೧೦೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅವುಗಳ ಸ್ನಿಗ್ಧತೆ ಹತ್ತಿರ ಹತ್ತಿರವೇ. ಹೆಚ್ಚು ಗಮನಿಸಬೇಕಾದುದು ಎಣ್ಣೆಯಲ್ಲಿ ಬೆರೆಸಿದ ಗಂಧಕ, ರಂಜಕಗಳ ಸಂಯುಕ್ತಗಳನ್ನು. ಹಲ್ಲುಗಳ ಒತ್ತಡಕ್ಕೆ ಎಣ್ಣೆಯ ಪೊರೆ ಹರಿದಾಗ ಇವು ಉಕ್ಕನ್ನು ಕಾಯುವುವು. ಆದರೆ ಗೇರುಗಳ ವೇಗವನ್ನು ಸರಿದೂಗಿಸುವ ಹಿತ್ತಾಳೆಯ ಉಂಗುರಗಳಿಗೆ ಅತಿ ಚುರುಕಾದ ಗಂಧಕವು ಶತ್ರು. ತಾಮ್ರವನ್ನು ಗಂಧಕವು ಕಪ್ಪಾಗಿಸುವುದನ್ನು ರಸಾಯನಶಾಸ್ತ್ರದ ತರಗತಿಯಲ್ಲಿ ಕಂಡಿರಬಹುದು. ಜಿ.ಎಲ್. ೫ ಎಂಬ ದರ್ಜೆಯ ಎಣ್ಣೆಯಲ್ಲಿ ಈ ಸಂಯುಕ್ತಗಳು ಜಿ.ಎಲ್. ೪ರದಕ್ಕಿಂತ ಸುಮಾರು ಇಮ್ಮಡಿ. ಹೆಚ್ಚಿನ ಅಂಕಿಯೇ ಮೇಲೆಂದು ಕೊಳ್ಳದೆ, ಆಯಾ ಕಾರಿನ ಕೈಪಿಡಿ ಹೇಳಿದುದನ್ನೇ ಹಾಕಬೇಕು.

ಕಾರು ಸಮನೆಲದ ಮೇಲಿರಲಿ. ಬರಿಯ ಜ್ಯಾಕನ್ನು ನಂಬಿ ಅಡಿಯಲ್ಲಿ ನುಗ್ಗುವುದು ಸರ್ವಥಾ ಕೂಡದು. ಕೆಲವು ಗೇರ್‌ಬಾಕ್ಸುಗಳಿಗೆ ಅಳೆಯುವ ಕಡ್ಡಿಯಿರುವುದು. ಹಲವಕ್ಕೆ ಪಕ್ಕದಲ್ಲಿ ತಿರುಪಿನ ಬಿರಡೆಯಿದ್ದು, ಎಣ್ಣೆಯು ಆ ತೂತಿನ ಅಂಚಿಗೆ ಸರಿಯಾಗಿ ನಿಲ್ಲಬೇಕು. ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ. ಹಿತ್ತಾಳೆಯ ಹೊಂಬಣ್ಣದ ಪುಡಿ ಹೊಳೆದರೆ ಉಂಗುರಗಳು ಸವೆಯುತ್ತಿವೆ. ಎಣ್ಣೆ ಬದಲಿಸುವುದಾದರೆ ಮೊದಲು ಬಿಚ್ಚಬೇಕಾದುದು ತುಂಬುವ ಬಿರಡೆಯನ್ನು, ಕೆಳಗಿನದನ್ನಲ್ಲ. ಹಳೆಯ ಎಣ್ಣೆಯೆಲ್ಲ ಸುರಿದುಹೋದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ಅಲುಗದಿದ್ದರೆ, ಕಾರು ನಿಂತಲ್ಲೇ ನಿಲ್ಲಬೇಕಾಗುವುದು.