ಹಡಗಿನ ಕೋಣೆಯಲ್ಲಿ ಕುಡಿಯಲು ಏನಿಡಬೇಕು?



2023ರ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಮನೆಯವಳೂ ಗ್ರೀಸ್ ದೇಶದ ಪಿರೇಯಸ್ ಬಂದರಿನಿಂದ ಟರ್ಕಿಯ ಇಸ್ತಾಂಬುಲ್‌ವರೆಗೆ ಏಳು ರಾತ್ರಿ ಹಡಗಿನಲ್ಲಿ ಪ್ರಯಾಣ ಮಾಡಿ ಬಂದೆವು. ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಅಮೆರಿಕದಲ್ಲಿರುವ ಮಗಳು ಮತ್ತು ಅಳಿಯ ಕೊಟ್ಟ ಉಡುಗೊರೆ ಅದು. ಇಲ್ಲವಾದರೆ ಅಂಥ ಹಡಗಿನ ಟಿಕೆಟಿನ ಹಣದಲ್ಲಿ ನಾನು ಹೊಸ ಡೀಪ್ ಫ್ರೀಜರ್ ಮತ್ತು ಎರಡು ಗ್ರೈಂಡರ್ ತೆಗೆದುಕೊಳ್ಳುತ್ತಿದ್ದೆ. ಸಂಘದ ಸಭೆಯಲ್ಲಿ ಸಿಕ್ಕವರೆಲ್ಲ ಊಟ ಹೇಗಿತ್ತು, ತಲೆ ತಿರುಗಿತೇ ಎಂದು ಕೇಳುತ್ತಾರೆ. ಊಟ ಚೆನ್ನಾಗಿತ್ತು, ತಲೆ ತಿರುಗಲಿಲ್ಲ. ನಾನು ಬರೆಯಬೇಕೆಂದಿರುವುದು ಕೋಣೆಯೊಳಗಿನ ಬಾರಿನ ವಿಷಯ. ನಮ್ಮ ಧಂದೆಗೆ ಅದು ಹತ್ತಿರದ್ದು.

ಐಷಾರಾಮಿ ಹಡಗು ಬೇರೆ, ದೊಡ್ಡ ಹಡಗು ಬೇರೆ. ಇದನ್ನು ಮೊದಲು ತಿಳಿದುಕೊಳ್ಳಬೇಕು. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಹಡಗಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಯುತ್ತಾರೆ. ಅಂಥ ಹಡಗುಗಳಲ್ಲಿ ಊಟ ಟಿಕೆಟಿನಲ್ಲಿ ಸೇರಿರುತ್ತದೆ, ಕುಡಿಯುವುದಕ್ಕೆ ಬಹುತೇಕ ಬೇರೆ ಹಣ. ಪ್ಯಾಕೇಜ್ ಕೊಳ್ಳಬೇಕು, ಇಲ್ಲವೇ ಗ್ಲಾಸಿನ ಲೆಕ್ಕದಲ್ಲಿ ಕೊಡಬೇಕು, ಮೇಲೆ ಸರ್ವಿಸ್ ಚಾರ್ಜ್. ನಮ್ಮ ಮುಂಬಯಿಯಿಂದ 2021ರ ಸೆಪ್ಟೆಂಬರಿನಲ್ಲಿ ಶುರುವಾದ ಕಾರ್ಡೇಲಿಯಾದಲ್ಲೂ ಮದ್ಯಕ್ಕೆ ಬೇರೆಯೇ ಲೆಕ್ಕ. ಸೀಬೋರ್ನ್, ಸಿಲ್ವರ್‌ಸೀ, ರೀಜೆಂಟ್ ಮುಂತಾದ ಕಂಪೆನಿಗಳ ರೀತಿ ಬೇರೆ. ಹಡಗು ಚಿಕ್ಕದು, ಐದಾರು ನೂರು ಜನ. ಕುಡಿಯುವುದು, ಟಿಪ್ಸು ಎಲ್ಲ ಟಿಕೆಟಿನಲ್ಲೇ ಸೇರಿದೆ. ಸಿಲ್ವರ್‌ಸೀಯಲ್ಲಿ ಪ್ರತಿ ಕೋಣೆಗೂ ಬಟ್ಲರ್ ಇರುತ್ತಾನೆ. ಸೀಬೋರ್ನ್‌ನಲ್ಲಿ ನಮ್ಮ ಇಷ್ಟದ ಎರಡು ತುಂಬಿದ ಬಾಟಲಿಗಳನ್ನು ಕೋಣೆಯಲ್ಲಿ ಮೊದಲೇ ಇಟ್ಟಿರುತ್ತಾರೆ. ಪೆಗ್ಗಲ್ಲ, ಕ್ವಾರ್ಟರ್ ಅಲ್ಲ, ಇಡೀ ಬಾಟಲಿ. ಇದನ್ನು ಕೇಳಿ ನನ್ನ ಪಾಲುದಾರ ಭಾವನವರು, "ಲೆಕ್ಕ ಹೇಗೆ ಕೂಡಿಸುತ್ತಾರೆ ಮಾರಾಯ?" ಎಂದರು. ಲೆಕ್ಕ ಟಿಕೆಟಿನಲ್ಲೇ ಕೂಡಿಸಿ ಮುಗಿಸಿರುತ್ತಾರೆ.

ಹಡಗು ಹೊರಡುವ ಕೆಲವು ವಾರ ಮೊದಲು ಒಂದು ಫಾರ್ಮು ತುಂಬಬೇಕು. ಯಾವ ವಿಸ್ಕಿ, ಯಾವ ವೈನ್, ಸೋಡಾ ಬೇಕೇ ಟಾನಿಕ್ ಬೇಕೇ, ಯಾವ ಸಾಫ್ಟ್ ಡ್ರಿಂಕ್, ನೀರು ಗ್ಯಾಸಿನದೇ ಸಾದಾ ನೀರೇ, ಕೊನೆಗೆ ದಿಂಬು ಮೆತ್ತಗೋ ಗಟ್ಟಿಯೋ ಎಂಬುದೂ ಅದರಲ್ಲಿರುತ್ತದೆ. ಇಷ್ಟು ಬೇಗ ಯಾಕೆ ಕೇಳುತ್ತಾರೆ ಎಂಬುದು ಹೋಟೆಲು ನಡೆಸುವವನಿಗೆ ಕೂಡಲೇ ಅರ್ಥವಾಗುತ್ತದೆ. ಹಡಗಿಗೆ ಮಾಲು ಏರುವುದು ಯಾತ್ರೆ ಮುಗಿದು ಯಾತ್ರೆ ಶುರುವಾಗುವ ಆ ಒಂದು ಬಂದರಿನಲ್ಲಿ, ಬೆಳಗಿನಿಂದ ಸಂಜೆಯೊಳಗೆ. ಹಳಬರು ಇಳಿಯುತ್ತಿರುವಾಗಲೇ ತರಕಾರಿ, ಮೀನು, ಮೈದಾ, ಬಾಟಲಿ ಎಲ್ಲ ಏರಬೇಕು. ಸಮುದ್ರದ ಮಧ್ಯದಲ್ಲಿ ಏನಾದರೂ ಮುಗಿದರೆ ಮಾಣಿಯನ್ನು ಮೂಲೆಯಂಗಡಿಗೆ ಓಡಿಸುವ ಹಾಗಿಲ್ಲ. ಆದ್ದರಿಂದ ಬೇಕಾದದ್ದು ಹಡಗಿನ ಪಟ್ಟಿಯಲ್ಲಿದ್ದರೆ ಸಿಕ್ಕೇ ಸಿಗುತ್ತದೆ, ಪಟ್ಟಿಯಲ್ಲಿಲ್ಲದ್ದನ್ನು ತಡವಾಗಿ ಕೇಳಿದರೆ ಅದಕ್ಕೆ ಹತ್ತಿರದ್ದೇನೋ ಕೊಡುತ್ತಾರೆ.

ನಮ್ಮ ಫಾರ್ಮು ಅಳಿಯ ತುಂಬಿದ. ಆಫೀಸಿನ ಊಟದ ಹೊತ್ತಿನಲ್ಲಿ, ಮಗಳನ್ನೂ ಕೇಳದೆ. ಮಾವ ಪರ್ಮಿಟ್ ರೂಮ್ ಇಟ್ಟವರು, ಅವರಿಗೆ ಒಳ್ಳೆಯ ಮಾಲು ಬೇಕು ಎಂದು ಪಟ್ಟಿಯಲ್ಲಿದ್ದ ದುಬಾರಿ ವಿಸ್ಕಿ ಎರಡಕ್ಕೂ ಟಿಕ್ ಮಾಡಿದ. ಅವನ ತಪ್ಪಿಲ್ಲ. ನಾನು 2016ರಲ್ಲಿ ಕುಡಿಯುವುದನ್ನು ಬಿಟ್ಟವನು, ಅವರ ಮದುವೆಯಾದದ್ದು 2021ರಲ್ಲಿ. ಮದುವೆಯ ದಿನ ನಾನು ಲೈಮ್ ಸೋಡಾ ಹಿಡಿದು ನಿಂತದ್ದನ್ನು ನೋಡಿ, ನೆಂಟರ ಮುಂದೆ ಮರ್ಯಾದೆಗೆ ಎಂದುಕೊಂಡಿದ್ದನಂತೆ. ಲಿವರಿನ ರಿಪೋರ್ಟ್ ನೋಡಿ ಡಾಕ್ಟರು ಏನು ಹೇಳಿದ್ದರು, ಆ ಮೊದಲ ಆರು ತಿಂಗಳು ನನ್ನ ಮನೆಯವಳು ರಾತ್ರಿ ಎಷ್ಟು ಸಲ ಎದ್ದು ನನ್ನನ್ನು ನೋಡುತ್ತಿದ್ದಳು, ಇದೆಲ್ಲ ನಾವು ಯಾರಿಗೂ ಹೇಳಿದ್ದಿಲ್ಲ.

ಪಿರೇಯಸ್‌ನಲ್ಲಿ ಹಡಗು ಹತ್ತಿ ಕೋಣೆಯ ಬಾಗಿಲು ತೆರೆದರೆ ಎದುರಿಗೇ ಬಾರು. ಎರಡು ಬಾಟಲಿ ವಿಸ್ಕಿ, ಐಸ್ ಬಕೆಟ್, ಒಗೆದು ಮಡಚಿದ ಬಿಳಿ ನ್ಯಾಪ್ಕಿನ್. ಕೆಳಗಿನ ಚಿಕ್ಕ ಫ್ರಿಜ್ಜಿನಲ್ಲಿ ಬಿಯರು. ಒಂದು ಶಾಂಪೇನ್ ಬೇರೆ, ಕಂಪೆನಿಯ ಸ್ವಾಗತ. ನಾನು ಮೂವತ್ತು ವರ್ಷ ಬಾಟಲಿಗಳ ನಡುವೆ ಬಾಳಿದವನು. ಗಲ್ಲಾದಲ್ಲಿ ಕೂತಾಗ ಹಿಂದಿನ ಕಪಾಟಿನಲ್ಲಿರುವ ಬಾಟಲಿ ನನಗೆ ಸಕ್ಕರೆ ಚೀಲದ ಹಾಗೆ, ಬರೀ ಸ್ಟಾಕು. ಅದರಿಂದ ನನಗೆ ತೊಂದರೆಯಿಲ್ಲ. ಆದರೆ ಮಲಗುವ ಕೋಣೆಯಲ್ಲಿ, ನನ್ನ ಹೆಸರಿಗೇ ಇಟ್ಟದ್ದು, ಹಣ ಕೊಟ್ಟಾಗಿದೆ, ಕೇಳುವವರಿಲ್ಲ, ಏಳು ರಾತ್ರಿ. ಸುಳ್ಳು ಹೇಳುವುದಿಲ್ಲ, ನಾಲಗೆ ಒಣಗಿತು. ಮನೆಯವಳು ಏನೂ ಅನ್ನಲಿಲ್ಲ. ಪರ್ಸು ಮಂಚದ ಮೇಲಿಟ್ಟು ಬಾಲ್ಕನಿಗೆ ಹೋಗಿ ನಿಂತಳು.

ಕೋಣೆ ನೋಡಿಕೊಳ್ಳುವವನು ಗೋವಾದ ಹುಡುಗ. ಅವನು ಪರಿಚಯಕ್ಕೆ ಬಂದಾಗ ಹಿಂದಿಯಲ್ಲಿ ಹೇಳಿದೆ, "ಬಾಬಾ, ಇದೆಲ್ಲ ತೆಗೆದುಬಿಡು." ಅವನು ಯಾಕೆ ಎನ್ನಲಿಲ್ಲ. ಬೇರೆ ಬ್ರ್ಯಾಂಡ್ ತರಲೇ ಎನ್ನಲಿಲ್ಲ. ನಗಲಿಲ್ಲ. "ಶಾಂಪೇನ್ ಕೂಡ ಅಲ್ಲವೇ ಸರ್?" ಎಂದು ಮಾತ್ರ ಕೇಳಿದ. ಐದು ನಿಮಿಷದಲ್ಲಿ ಟ್ರಾಲಿ ತಂದು ಬಾಟಲಿ, ಬಿಯರು, ವಿಸ್ಕಿಯ ಗ್ಲಾಸುಗಳನ್ನು ಸಹ ಎತ್ತಿಕೊಂಡು ಹೋದ. ಗ್ಲಾಸು ತೆಗೆಯಲು ನಾನು ಹೇಳಿರಲಿಲ್ಲ. ಸಂಜೆ ಬಂದು, "ಬಾರಿನವರಿಗೂ ಊಟದ ಸ್ಟುವರ್ಡಿಗೂ ಹೇಳಿದ್ದೇನೆ, ಯಾರೂ ನಿಮ್ಮ ಮುಂದೆ ವೈನ್ ಹಿಡಿಯುವುದಿಲ್ಲ," ಎಂದ. ಹಾಗೆಯೇ ಆಯಿತು. ಏಳು ರಾತ್ರಿಯಲ್ಲಿ ಒಬ್ಬನೂ ನನ್ನ ಮುಂದೆ ವೈನಿನ ಪಟ್ಟಿ ಚಾಚಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು 2004ರ ಒಂದು ಮಧ್ಯಾಹ್ನ. ನಮ್ಮಲ್ಲಿಗೆ ದಿನಾ ಬರುತ್ತಿದ್ದ ಒಬ್ಬ ಗಿರಾಕಿಯ ಹೆಂಡತಿ ಚಿಕ್ಕ ಹುಡುಗನ ಕೈ ಹಿಡಿದು ಗಲ್ಲಾದ ಹತ್ತಿರ ಬಂದಿದ್ದಳು. ಮರಾಠಿಯಲ್ಲಿ, "ದಾದಾ, ಅವರಿಗೆ ಕೊಡಬೇಡಿ, ಡಾಕ್ಟರು ಬೇಡವೆಂದಿದ್ದಾರೆ," ಎಂದಳು. ಆಯಿತು ತಾಯಿ ಎಂದೆ. ಹುಡುಗನ ಕೈಗೆ ಬಿಸ್ಕೆಟ್ ಕೊಟ್ಟೆ. ರಾತ್ರಿ ಎಂಟಕ್ಕೆ ಅವರು ಬಂದರು, ಮೂಲೆಯ ಟೇಬಲಿನಲ್ಲಿ ಕೂತರು, ಮಾಣಿ ಎಂದಿನಂತೆ ಕ್ವಾರ್ಟರ್ ಇಟ್ಟ, ನಾನು ನೋಡಿಯೂ ನೋಡದವನಂತೆ ಬಿಲ್ಲು ಹರಿದೆ. ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ ಎಂಬುದು ನಮ್ಮೆಲ್ಲರ ಮಾತು, ನನ್ನದೂ ಅದೇ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ನನ್ನಿಂದಲೇ ಹೋದರು ಎನ್ನಲಾರೆ, ಅವರು ನಾಲ್ಕು ಕಡೆ ಕುಡಿಯುತ್ತಿದ್ದರು. ಆದರೆ ಆಯಿತು ತಾಯಿ ಎಂದವನು ನಾನೊಬ್ಬನೇ.

ಇನ್ನು ಕಾಫಿಯ ವಿಷಯ. ನಾವು ಸ್ಟೀಲಿನ ಫಿಲ್ಟರ್ ಮತ್ತು ಸೀಲ್ ಮಾಡಿದ ಕಾಫಿಪುಡಿ ಒಯ್ದಿದ್ದೆವು. ಎಲೆಕ್ಟ್ರಿಕ್ ಕೆಟ್ಲಿ ಒಯ್ಯಬೇಡಿ. ಬೆಂಕಿಯ ಭಯದಿಂದ ಹಡಗುಗಳಲ್ಲಿ ಬಿಸಿಮಾಡುವ ಸಾಮಾನು ಸಾಮಾನ್ಯವಾಗಿ ಬಿಡುವುದಿಲ್ಲ, ಬಂದರಿನ ಸ್ಕ್ಯಾನಿಂಗಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹುಡುಗ ಬೆಳಿಗ್ಗೆ ಆರಕ್ಕೆ ಒಂದು ಥರ್ಮಾಸಿನಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಬಿಸಿ ಹಾಲು ತಂದಿಡುತ್ತಿದ್ದ. ಮೊದಲ ದಿನ ಹಾಲು ಉಗುರು ಬೆಚ್ಚಗಿತ್ತು. ಅವರ ಮಟ್ಟಿಗೆ ಅದೇ ಬಿಸಿ. ನಮಗೆ ಉಕ್ಕಿದ ಹಾಲು ಬೇಕು ಎಂದು ವಿವರಿಸಿದ ಮೇಲೆ ಎರಡನೇ ದಿನದಿಂದ ಸರಿಯಾಯಿತು. ನಿಂಬೆಹಣ್ಣು ಕೇಳಿದರೆ ದಪ್ಪ ಸಿಪ್ಪೆಯ ಹಳದಿ ಲೆಮನ್ ಬರುತ್ತದೆ. ನಮ್ಮ ಲಿಂಬೆಯ ರುಚಿಗೆ ಹತ್ತಿರ ಬೇಕಾದರೆ ಲೈಮ್ ಎಂದೇ ಫಾರ್ಮಿನಲ್ಲಿ ಬರೆಯಬೇಕು. ಮಜ್ಜಿಗೆ ಎಂದರೆ ಏನೆಂದು ಮನೆಯವಳು ಅರ್ಧ ಗಂಟೆ ಹೇಳಿಕೊಟ್ಟಳು: ಮೊಸರು, ನೀರು, ಉಪ್ಪು, ಜಜ್ಜಿದ ಶುಂಠಿ. ಅದನ್ನು ಅವನು ವೈನ್ ಗ್ಲಾಸಿನಲ್ಲಿ ಪುದೀನಾ ಎಲೆ ಸಿಕ್ಕಿಸಿ ತಂದ. ಕುಶದಾಸಿ ಎಂಬ ಟರ್ಕಿಯ ಊರಿನಲ್ಲಿ ಇಳಿದಾಗ ಅಯ್ರಾನ್ ಎಂಬ ಪೇಯ ಸಿಕ್ಕಿತು. ಅದು ನಮ್ಮ ಉಪ್ಪು ಮಜ್ಜಿಗೆಯೇ, ಒಗ್ಗರಣೆ ಒಂದಿಲ್ಲ. ನಾಲ್ಕು ಬಾಟಲಿ ತಂದೆವು. ವಿಸ್ಕಿ ಇದ್ದ ಜಾಗದಲ್ಲಿ ಅವನು ಅದನ್ನು ಸಾಲಾಗಿ ಜೋಡಿಸಿದ. ಮನೆಯವಳು ಆ ಪ್ರಯಾಣದಲ್ಲಿ ಜೋರಾಗಿ ನಕ್ಕದ್ದು ಆಗ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಫಾರ್ಮನ್ನು ನೀವೇ ತುಂಬಿ, ಮಕ್ಕಳಿಗೆ ಬಿಡಬೇಡಿ. ಬುಕಿಂಗ್ ಮಾಡಿದ ಏಜೆಂಟರಿಂದ ನಿಮ್ಮ ಕೋರಿಕೆ ತಲುಪಿದ ಬಗ್ಗೆ ಇಮೇಲ್ ಪಡೆದು ಅದರ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಹತ್ತಿದ ದಿನವೇ ಫ್ರಿಜ್ಜು ತೆರೆದು ನೋಡಿ, ಏನು ಬೇಕು ಏನು ಬೇಡ ಎಂದು ಆಗಲೇ ಹೇಳಿ. ದೊಡ್ಡ ಹಡಗಾದರೆ ಮಿನಿಬಾರಿನ ಪ್ರತಿ ಬಾಟಲಿಗೂ ದರವಿರುತ್ತದೆ, ದರಪಟ್ಟಿ ನೋಡದೆ ಮುಚ್ಚಳ ತೆಗೆಯಬೇಡಿ. ಬಂದರಿನಲ್ಲಿ ಕೊಂಡ ಮದ್ಯವನ್ನು ಅನೇಕ ಹಡಗುಗಳಲ್ಲಿ ತೆಗೆದಿಟ್ಟು ಕೊನೆಯ ರಾತ್ರಿ ಅಥವಾ ಇಳಿಯುವ ದಿನ ಕೊಡುತ್ತಾರೆ. ಕುಡಿಯುವವರು ಕುಡಿಯಲಿ, ನಾನು ಉಪದೇಶ ಮಾಡಲು ಬರೆದದ್ದಲ್ಲ. ನನ್ನ ಪರ್ಮಿಟ್ ರೂಮ್ ಇಂದಿಗೂ ನಡೆಯುತ್ತಿದೆ.

ಊರಿಗೆ ಬಂದ ಮೇಲೆ ಎರಡು ಬದಲಾವಣೆ ಮಾಡಿದೆ. ನಮ್ಮ ಕೇಟರಿಂಗಿನ ಆರ್ಡರ್ ಪುಸ್ತಕದಲ್ಲಿ ಏನೇನು ಬೇಕು ಎಂಬ ಕಾಲಮ್ಮಿನ ಪಕ್ಕದಲ್ಲಿ ಏನೇನು ಬೇಡ ಎಂಬ ಕಾಲಮ್ ಹಾಕಿಸಿದೆ. ಮೊದಲ ತಿಂಗಳೇ ಒಬ್ಬರು ಮದುವೆಯ ಆರ್ಡರಿನಲ್ಲಿ, ಗಂಡಿನ ಅಜ್ಜನ ಪಂಕ್ತಿಗೆ ಬೆಳ್ಳುಳ್ಳಿ ಬೇಡ ಎಂದು ಬರೆಸಿದರು. ಕೇಳದಿದ್ದರೆ ಅವರು ಹೇಳುತ್ತಿರಲಿಲ್ಲ, ಅಜ್ಜ ಬರೀ ಅನ್ನ ಮೊಸರು ಉಣ್ಣುತ್ತಿದ್ದರು. ಎರಡನೆಯದು, ಪರ್ಮಿಟ್ ರೂಮಿನ ಮ್ಯಾನೇಜರನಿಗೆ ಒಂದು ಚಿಕ್ಕ ನೋಟ್ ಬುಕ್ ಕೊಟ್ಟಿದ್ದೇನೆ. ಮನೆಯವರು ಬಂದು ಬೇಡ ಎಂದರೆ, ಅಥವಾ ಗಿರಾಕಿಯೇ ಒಳ್ಳೆಯ ಬುದ್ಧಿಯಲ್ಲಿದ್ದಾಗ ನನಗೆ ಕೊಡಬೇಡಿ ಎಂದರೆ, ಹೆಸರು ಬರೆದಿಡುವುದು. ಆ ಟೇಬಲಿಗೆ ಮಾಣಿ ಬಾಟಲಿ ಇಡುವುದಿಲ್ಲ, ಯಾಕೆಂದು ಇತರರ ಮುಂದೆ ಹೇಳುವುದೂ ಇಲ್ಲ. ಈವರೆಗೆ ಮೂರು ಹೆಸರು ಬಂದಿವೆ. ಒಬ್ಬರು ಸಿಟ್ಟಾಗಿ ಪಕ್ಕದ ಬಾರಿಗೆ ಹೋದರು, ಮತ್ತೆ ಬಂದಿಲ್ಲ. ಇಬ್ಬರು ಈಗಲೂ ಬರುತ್ತಾರೆ, ಲೈಮ್ ಸೋಡಾ ಮತ್ತು ಮಸಾಲಾ ಪಾಪಡ್ ತೆಗೆದುಕೊಂಡು ಒಂದು ಗಂಟೆ ಕೂತು ಹೋಗುತ್ತಾರೆ. ಆ ಟೇಬಲಿನ ಬಿಲ್ಲು ಎಷ್ಟು ಇಳಿದಿದೆ ಎಂದು ಭಾವನವರು ಪ್ರತಿ ತಿಂಗಳ ಕೊನೆಗೆ ನನಗೆ ಲೆಕ್ಕ ತೋರಿಸುತ್ತಾರೆ.