ಮೊದಲು ಓಡಲಿ, ಹೊಳೆಯುವುದು ಆಮೇಲೆ

ಮೈಸೂರು ಕಡೆಯ ಹಳೇ ಮನೆಗಳ ಹಿತ್ತಲಲ್ಲಿ, ಮಲೆನಾಡಿನ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಈಗಲೂ ಗೋಣಿತಾಟು ಹೊದ್ದ ಒಂದು ಜಾವಾ ಅಥವಾ ಯೆಜ್ಡಿ ಸಿಗುತ್ತದೆ. ಮಾರಲು ಮನಸ್ಸಿಲ್ಲ, ಓಡಿಸಲು ಸ್ಥಿತಿಯಿಲ್ಲ. ತಾತನದೋ ಚಿಕ್ಕಪ್ಪನದೋ ಆದ ಆ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕೆಂದು ಮನೆಯ ಹುಡುಗರು ಹೊರಟರೆ ಮೊದಲು ಆಗುವ ಕೆಲಸ ಪೇಂಟಿಂಗ್. ಟ್ಯಾಂಕು, ಮಡ್‌ಗಾರ್ಡು ಬಣ್ಣಕ್ಕೆ ಹೋಗುತ್ತವೆ, ಸೈಲೆನ್ಸರ್ ಕ್ರೋಮಿಗೆ ಹೋಗುತ್ತದೆ. ಇಂಜಿನ್ನಿನ ಸರದಿ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ಹುರುಪೂ ಇಳಿದಿರುತ್ತದೆ. ಹೀಗೆ ಮಿರಮಿರ ಮಿಂಚುತ್ತಾ ನಿಂತಲ್ಲೇ ನಿಂತ ಗಾಡಿಗಳು ಒಂದೆರಡಲ್ಲ. ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಬಣ್ಣದ ಯೋಚನೆಯನ್ನು ಪಕ್ಕಕ್ಕಿಟ್ಟು, ತುಕ್ಕು ಹಿಡಿದ ರೂಪದಲ್ಲೇ ಇಂಜಿನ್ನಿಗೆ ಉಸಿರು ಬರಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಕಲಿಯಲು ಈ ಗಾಡಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಶುರು ಮಾಡಿದ ಜಾವಾ ಕಂಪನಿಯ ಪರವಾನಗಿ ಪಡೆದು, ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು 1961ರಲ್ಲಿ ಅದನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿ ಹುಟ್ಟಿದ ಊರಲ್ಲೇ ಅದರ ರಿಪೇರಿ ಕಲಿತ ಕೈಗಳೂ ಇದ್ದುದರಿಂದ ಆ ವಿದ್ಯೆ ಕಾರ್ಖಾನೆಯ ಜೊತೆ ಮುಚ್ಚಿಹೋಗಲಿಲ್ಲ.

ಒಂದೇ ಸಿಲಿಂಡರಿನ 250 ಸಿಸಿ ಟೂ ಸ್ಟ್ರೋಕ್ ಇಂಜಿನ್ ಇದು. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಆಯಿಲ್ ಪಂಪ್ ಇಲ್ಲ. ಒಂದೇ ಸಿಲಿಂಡರಿನಿಂದ ಎರಡು ಸೈಲೆನ್ಸರ್ ಹೊರಡುವುದು ಇದರ ಚಂದ. ಎಡಗಡೆಯ ಗೇರ್ ಲಿವರ್ರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಬೇರೆ ಗಾಡಿ ಓಡಿಸಿ ರೂಢಿಯಾದವರು ಮೊದಲ ಸಲ ಕಿಕ್ಕರ್ ಎಲ್ಲಿದೆ ಎಂದು ಗಾಡಿಯ ಸುತ್ತ ಹುಡುಕುವುದುಂಟು.

ಗಾಡಿ ಕೈಗೆ ಬಂದೊಡನೆ ಕಿಕ್ ಹೊಡೆಯಬಾರದು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಬೋರಿಗೆ ಅಂಟಿಕೊಂಡಿರಬಹುದು. ಕಾಲಿನ ಬಲ ಹಾಕಿದರೆ ರಿಂಗ್ ಮುರಿದು ಬೋರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದೆರಡು ಚಮಚ ಟೂ ಟಿ ಆಯಿಲ್ ಬಿಟ್ಟು, ರಾತ್ರಿಯಿಡೀ ಹಾಗೇ ಇರಗೊಡಬೇಕು. ಮಾರನೇ ದಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು. ಅಲ್ಲಾಡಿದರೆ ಅರ್ಧ ಗೆದ್ದಂತೆ. ಅಲ್ಲಾಡದಿದ್ದರೆ ಇನ್ನೊಂದಿಷ್ಟು ಎಣ್ಣೆ, ಇನ್ನೊಂದು ರಾತ್ರಿ. ಆಮೇಲೂ ಜಗ್ಗದಿದ್ದರೆ ಹೆಡ್ ಬಿಚ್ಚಬೇಕು, ಬೋರ್ ಹಾಳಾಗಿದ್ದರೆ ಲೇತ್ ಅಂಗಡಿಯಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಅದು ಹೊಸಬರು ಒಬ್ಬರೇ ಮಾಡುವ ಕೆಲಸವಲ್ಲ.

ಪಿಸ್ಟನ್ ಆಡಿತೆಂದರೆ ಇನ್ನು ಹುಡುಕಬೇಕಾದದ್ದು ಮೂರೇ: ಪೆಟ್ರೋಲು, ಕರೆಂಟು, ಕಂಪ್ರೆಶನ್. ಅನುಭವಿ ಮೆಕ್ಯಾನಿಕ್ ಕೇಳುವ ಮೊದಲ ಮಾತು, ‘ಕರೆಂಟ್ ಬರ್ತಿದೆಯಾ ನೋಡಿದ್ರಾ ಸಾರ್?’ ಪ್ಲಗ್ಗಿನ ಕಿಡಿಗೆ ಗ್ಯಾರೇಜಿನಲ್ಲಿ ಕರೆಂಟ್ ಎಂದೇ ಹೆಸರು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರ್ ಹೆಡ್ಡಿಗೆ ತಾಗುವಂತೆ ಇಟ್ಟು, ಕೀ ಹಾಕಿ ಕಿಕ್ಕರ್ ತುಳಿಯಬೇಕು. ಸುತ್ತಮುತ್ತ ಪೆಟ್ರೋಲಿನ ವಾಸನೆಯೂ ಇರಕೂಡದು, ಟ್ಯಾಂಕ್ ದೂರ ಇರಲಿ. ನೀಲಿ ಬಣ್ಣದ ಕಿಡಿ ‘ಚಟ್’ ಎಂದು ಹಾರಿದರೆ ಸರಿ. ಹಳದಿಯಾಗಿ ಸೊರಗಿದ್ದರೆ ಅಥವಾ ಇಲ್ಲವೇ ಇಲ್ಲವಾದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಈ ಗಾಡಿಗಳಲ್ಲಿ ಬಹುಪಾಲಿಗೆ 6 ವೋಲ್ಟ್ ಬ್ಯಾಟರಿಯಿಂದಲೇ ಕಿಡಿ ಹುಟ್ಟುವುದು. ಸತ್ತ ಬ್ಯಾಟರಿ ಇಟ್ಟುಕೊಂಡು ಎಷ್ಟು ಕಿಕ್ ಹೊಡೆದರೂ ಬೆವರಷ್ಟೇ ಬರುತ್ತದೆ.

ಬ್ಯಾಟರಿ ಸರಿಯಿದ್ದೂ ಕಿಡಿಯಿಲ್ಲದಿದ್ದರೆ ಪಾಯಿಂಟ್ ನೋಡಬೇಕು. ಈ ಗಾಡಿಯ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಇಂಜಿನ್ನಿನ ಬಲಗಡೆಯ ಕವರ್ ತೆಗೆದರೆ ಒಳಗೆ ಡೈನಮೊ, ಅದರ ತುದಿಯಲ್ಲಿ ಒಂದು ಪುಟ್ಟ ಕ್ಯಾಮ್, ಪಕ್ಕದಲ್ಲಿ ಸ್ಪ್ರಿಂಗ್ ಬಿಗಿದ ತೋಳು. ತೋಳಿನ ತುದಿಯಲ್ಲಿ ಮೆಣಸಿನ ಕಾಳಿಗಿಂತ ಸಣ್ಣ ಎರಡು ಲೋಹದ ಬಿಲ್ಲೆಗಳು ಒಂದನ್ನೊಂದು ಮುಟ್ಟುತ್ತಾ ಬಿಡುತ್ತಾ ಇರುತ್ತವೆ. ಅವು ಮುಟ್ಟಿದಾಗ ಕಾಯಿಲ್‌ಗೆ ವಿದ್ಯುತ್ ಹರಿಯುತ್ತದೆ, ಬಿಟ್ಟ ಕ್ಷಣಕ್ಕೆ ಅಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಿಂತ ಗಾಡಿಯಲ್ಲಿ ಈ ಬಿಲ್ಲೆಗಳ ಮೇಲೆ ಬೂದುಬಣ್ಣದ ಕಿಲುಬು ಕೂತಿರುತ್ತದೆ. ಕಣ್ಣಿಗೆ ಕಾಣುವುದೂ ಕಷ್ಟ, ಆದರೆ ವಿದ್ಯುತ್ತನ್ನು ತಡೆಯಲು ಅಷ್ಟೇ ಸಾಕು. ನಯವಾದ ಉಪ್ಪುಕಾಗದದ ತುಂಡನ್ನು ನಡುವೆ ಇಟ್ಟು ಎರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಆಮೇಲೆ ಇಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ ಬಿಲ್ಲೆಗಳು ಪೂರ್ತಿ ಅಗಲವಾಗಿ ತೆರೆದ ಜಾಗದಲ್ಲಿ ನಿಲ್ಲಿಸಿ, ನಡುವಿನ ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. 0.4 ಮಿಲಿಮೀಟರ್ ಇರಬೇಕು. ಗೇಜು ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ, ಸವರಿಕೊಂಡು ಹೊರಬರಬೇಕು. ಸ್ಕ್ರೂ ಬಿಗಿಮಾಡುವಾಗ ಅಂತರ ಬದಲಾಗುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. ಇಷ್ಟಾದ ಮೇಲೂ ಬಿಲ್ಲೆಗಳ ನಡುವೆಯೇ ಕಿಡಿ ಉರಿಯುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದರ್ಥ. ಅದು ದುಬಾರಿ ಸಾಮಾನಲ್ಲ, ಬದಲಿಸಿಬಿಡುವುದೇ ಸರಿ.

ಪೆಟ್ರೋಲಿನ ಕಡೆಗೆ ಬಂದರೆ ಕೆಲಸ ಹೊಲಸು, ಆದರೆ ಸುಲಭ. ಹಳೇ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಜೆಟ್ ಮುಚ್ಚಿರುತ್ತದೆ. ಬಿಚ್ಚಿ, ಕ್ಲೀನರ್ ಹೊಡೆದು, ಗಾಳಿ ಊದಬೇಕು. ಜೆಟ್ಟಿನ ತೂತಿಗೆ ಗಟ್ಟಿ ತಂತಿ ತೂರಿಸಿದರೆ ಅಳತೆ ಕೆಡುತ್ತದೆ. ಟ್ಯಾಂಕಿನ ಒಳಗೆ ತುಕ್ಕಿದ್ದರೆ ಒಂದು ಹಿಡಿ ನಟ್ಟುಗಳನ್ನೂ ವಿನೆಗರನ್ನೂ ಹಾಕಿ ಕುಲುಕಿ, ತೊಳೆದು, ಬಿಸಿಲಲ್ಲಿ ಒಣಗಿಸಿ, ಒಣಗಿದ ಕೂಡಲೇ ಎಣ್ಣೆ ಆಡಿಸಬೇಕು. ತಡಮಾಡಿದರೆ ಹೊಸ ತುಕ್ಕು ಏಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಪೈಪು, ವಾಷರ್ ಎಲ್ಲ ಹೊಸದು ಹಾಕಿ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮಾತ್ರ ಮರೆಯುವಂತಿಲ್ಲ, ಇಂಜಿನ್ನಿನ ಒಳಗಿನ ಬೇರಿಂಗಿಗೂ ಪಿಸ್ಟನ್ನಿಗೂ ಅದೇ ಜೀವ. ಹಳೇ ಕೈಪಿಡಿಗಳ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ.

ಮೊದಲ ಸಲ ಸ್ಟಾರ್ಟ್ ಆದಾಗ ಬೀದಿ ತುಂಬ ಹೊಗೆ ಏಳುತ್ತದೆ. ಸೈಲೆನ್ಸರಿನೊಳಗಿನ ಹಳೇ ಎಣ್ಣೆ ಉರಿಯುವ ಹೊಗೆ ಅದು, ನಿಧಾನಕ್ಕೆ ಇಳಿಯುತ್ತದೆ. ಇಳಿಯದೇ ಇದ್ದರೆ, ಗೇರ್‌ಬಾಕ್ಸಿನ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ, ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲ್ ಒಣಗಿ ಬಿರಿದಿದೆ. ಎಕ್ಸಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಏರುತ್ತಾ ಹೋದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ. ತಕ್ಷಣ ಕೀ ತೆಗೆಯಬೇಕು. ಹೀಗಾಗಿ ಮೊದಲ ಸ್ಟಾರ್ಟಿಗೆ ಒಂದು ಕೈ ಕೀ ಮೇಲೇ ಇರಲಿ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಹಳೇ ಆಸರೆ. ಹೊಸದಾಗಿ ಮಾಡಿದ ಸಾಮಾನು ಬೇಕಾದಷ್ಟು ಸಿಗುತ್ತದೆ, ಆದರೆ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಗಾಡಿಯಿಂದ ಬಿಚ್ಚಿದ ಹಳೇ ಭಾಗವನ್ನು ಜೊತೆಗೆ ಒಯ್ದು, ಪಕ್ಕದಲ್ಲಿಟ್ಟು ನೋಡಿಯೇ ಕೊಳ್ಳಬೇಕು. ಯಾವ ಅಂಗಡಿಯ ಮಾಲು ನಂಬಬಹುದು ಎಂಬುದನ್ನು ಜಾವಾ–ಯೆಜ್ಡಿ ಬಳಗದವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರು, ಮೈಸೂರಿನಲ್ಲಿ ಅಂದು ಸೇರುವ ಗಾಡಿಗಳ ನಡುವೆ ಒಂದು ಬೆಳಗ್ಗೆ ಕಳೆದರೆ ತಿಂಗಳ ಪಾಠ ಸಿಗುತ್ತದೆ. ಕೇಳಿದವರಿಗೆ ಇಲ್ಲ ಎನ್ನುವ ಜನ ಅವರಲ್ಲ.

ಕಾಗದಪತ್ರದ ಕೆಲಸವನ್ನು ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ. ಅದು ಸ್ಪ್ಯಾನರ್ ಹಿಡಿಯುವ ಮುಂಚೆಯೇ ಆಗಬೇಕು. ಇಂಜಿನ್ ನಂಬರು, ಚಾಸಿ ನಂಬರು ಆರ್‌ಸಿಯ ಜೊತೆ ತಾಳೆಯಾಗುತ್ತದೆಯೇ ನೋಡಿ. ತಾತ ತೀರಿಹೋಗಿದ್ದು ಆರ್‌ಸಿ ಅವರ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. 15 ವರ್ಷ ಮೀರಿದ ಗಾಡಿಗೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಅದು ಮತ್ತೆ ಐದು ವರ್ಷಕ್ಕೆ ಸಲ್ಲುತ್ತದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಇದೆ. ಅದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ್‍ಯಾಲಿಯಂಥ ಸಂದರ್ಭಗಳಿಗೆ ಬಿಟ್ಟು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಭಾನುವಾರ ಬೆಳಗ್ಗೆ ಶ್ರೀರಂಗಪಟ್ಟಣದವರೆಗೆ ಹೋಗಿ ಬರುವ ಆಸೆಯಿರುವವರು ಹಳೇ ನಂಬರನ್ನೇ ಉಳಿಸಿಕೊಳ್ಳುವುದು ಮೇಲು.

ರಸ್ತೆಗಿಳಿಯುವ ಮುಂಚೆ ಬ್ರೇಕ್ ಶೂ, ಎಲ್ಲ ಕೇಬಲ್‌ಗಳು, ಟೈರು ಹೊಸದಾಗಲೇಬೇಕು. ಇಲ್ಲಿ ಉಳಿತಾಯದ ಲೆಕ್ಕ ಬೇಡ. ಮನೆಯ ಸುತ್ತ ನಾಲ್ಕು ಸುತ್ತು ಓಡಿಸಿ ಬಂದು, ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ. ಕಾಫಿಪುಡಿಯ ಕಂದು ಬಣ್ಣ ಬಂದಿದ್ದರೆ ಮಿಶ್ರಣ ಸರಿಯಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತಿದೆ, ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರಿನ ಸೂಜಿಯನ್ನು ಒಂದು ಕಚ್ಚು ಮೇಲೆತ್ತಿ, ಇನ್ನೊಂದು ಸುತ್ತು ಹೋಗಿ ಬಂದು ಮತ್ತೆ ನೋಡಬೇಕು.